ಟ್ಯಾಲಿಯಾಗದ ಓಟ

ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ನನ್ನ ಲೆಕ್ಕದಲ್ಲಿ 270 ರೂಪಾಯಿ ವ್ಯತ್ಯಾಸ ಬಂತು. ಆಗ ಕಂಪ್ಯೂಟರ್ ಇರಲಿಲ್ಲ. ಲೆಕ್ಕ ಟ್ಯಾಲಿ ಆಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಪಕ್ಕದ ಕೌಂಟರಿನವನೇ ಏನೋ ತಪ್ಪು ಮಾಡಿದ್ದಾನೆಂದು ನಾನು ಮುಖ ಊದಿಸಿಕೊಂಡು ಕುಳಿತಿದ್ದೆ. ಹೆಡ್ ಕ್ಲರ್ಕ್ ಬಂದು, "ವ್ಯತ್ಯಾಸ 9ರಿಂದ ಭಾಗ ಆಗ್ತದೇನು ನೋಡು" ಅಂದರು. 270ನ್ನು 9ರಿಂದ ಭಾಗಿಸಿದರೆ 30, ಶೇಷ ಸೊನ್ನೆ. "ಹಂಗಾರ ಎಲ್ಲೋ ಎರಡು ಅಂಕಿ ಅದಲುಬದಲು ಆಗ್ಯಾವ. ಹುಡುಕು." ಹುಡುಕಿದೆ. 1,850 ಎಂದು ಬರೆಯಬೇಕಾದ ಕಡೆ 1,580 ಎಂದು ಬರೆದಿತ್ತು. ಕೈಬರಹ ನನ್ನದೇ!

ಮಕ್ಕಳೇ, ನೀವೂ ಮಾಡಿ ನೋಡಿ. ಯಾವುದೇ ಸಂಖ್ಯೆಯಲ್ಲಿ ಅಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿ, ದೊಡ್ಡದರಿಂದ ಸಣ್ಣದನ್ನು ಕಳೆಯಿರಿ. ಉಳಿದದ್ದು 9ರಿಂದ ಭಾಗವಾಗಿಯೇ ತೀರುತ್ತದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂದು ಈ ನಾಲ್ಕು ಊರುಗಳ ನೀರು ಕುಡಿದು ನೌಕರಿ ಮುಗಿಸಿ ಹಳಿಯಾಳದಲ್ಲಿ ನೆಲೆಸಿದವನು ನಾನು. ಅಂಕಿಗಳನ್ನು ಕಂಡರೆ ಈಗಲೂ ಕೈ ಸುಮ್ಮನಿರುವುದಿಲ್ಲ. ಆ ಚಟದಿಂದ ನನ್ನ ಮೊಮ್ಮಗಳಿಗೆ ಆದ ಲಾಭವನ್ನೂ ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು.

ಮೊಮ್ಮಗಳು ಎಂಟನೆಯ ತರಗತಿಯಲ್ಲಿದ್ದಾಗ ವಲಯ ಮಟ್ಟದ ಕ್ರೀಡಾಕೂಟದಲ್ಲಿ 1500 ಮೀಟರ್ ಓಡಿದಳು. ಐದನೆಯವಳಾಗಿ ಬಂದಳು. ಮನೆಗೆ ಬಂದವಳ ಮುಖ ಸಣ್ಣದಾಗಿತ್ತು. ಸೊಸೆ ಮೊಬೈಲಿನಲ್ಲಿ ಓಟವನ್ನು ಪೂರ್ತಿ ಸೆರೆ ಹಿಡಿದಿದ್ದಳು. ರಾತ್ರಿ ಊಟವಾದ ಮೇಲೆ ಆ ವಿಡಿಯೊ ಹಾಕಿಕೊಂಡು, ಹಳೆಯ ಡೈರಿಯೊಂದರಲ್ಲಿ ಗೆರೆ ಹೊಡೆದು ಕುಳಿತೆ. ಮೈದಾನದ ಒಂದು ಸುತ್ತು 200 ಮೀಟರ್. ಅಂದರೆ ಮೊದಲು ಅರ್ಧ ಸುತ್ತು, ಆಮೇಲೆ ಏಳು ಸುತ್ತು. ಅವಳು ಗೆರೆ ದಾಟಿದಾಗಲೆಲ್ಲ ವಿಡಿಯೊ ನಿಲ್ಲಿಸಿ ಸಮಯ ಬರೆದೆ.

ಅರ್ಧ ಸುತ್ತು 20 ಸೆಕೆಂಡ್. ನಂತರದ ಸುತ್ತುಗಳು 45, 48, 51, 55, 58, 60, ಕೊನೆಯದು 54. ಒಟ್ಟು 391 ಸೆಕೆಂಡ್, ಅಂದರೆ 6 ನಿಮಿಷ 31 ಸೆಕೆಂಡ್. ಗೆದ್ದ ಹುಡುಗಿ ಹೆಚ್ಚುಕಡಿಮೆ ಪ್ರತಿ ಸುತ್ತನ್ನೂ 49 ಸೆಕೆಂಡಿನಲ್ಲಿ ಓಡಿ 6 ನಿಮಿಷ 8 ಸೆಕೆಂಡಿಗೆ ಮುಗಿಸಿದ್ದಳು.

"ನೋಡು ಪುಟ್ಟಿ, ಮೊದಲ 500 ಮೀಟರಿನಲ್ಲಿ ನೀನು ಅವಳಿಗಿಂತ 9 ಸೆಕೆಂಡ್ ಮುಂದಿದ್ದಿ. ಉಳಿದ 1000 ಮೀಟರಿನಲ್ಲಿ 32 ಸೆಕೆಂಡ್ ಕಳಕೊಂಡಿ. ಜಮಾ 9, ಖರ್ಚು 32."

"ಅಂದ್ರ 23 ಸಾಲ" ಅಂದಳು. ಅಂದು ಮೊದಲ ಬಾರಿ ನಕ್ಕಳು.

ದೂರದ ಓಟದಲ್ಲಿ ಇದು ಹೊಸಬರೆಲ್ಲ ಮಾಡುವ ತಪ್ಪು. ಹುರುಪಿನಲ್ಲಿ ಮೊದಲೇ ಜೋರಾಗಿ ಓಡಿದರೆ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕವನ್ನು ಉಸಿರು ಒದಗಿಸಲಾರದು. ಬೇಗ ದಣಿವು ಏರುತ್ತದೆ, ಮತ್ತೆ ಇಳಿಯುವುದೇ ಇಲ್ಲ. ಜಗತ್ತಿನ ದೊಡ್ಡ ಓಟಗಾರರ ಲೆಕ್ಕವನ್ನೂ ಅವಳಿಗೆ ತೋರಿಸಿದೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕೀನ್ಯಾದ ಡೇವಿಡ್ ರುಡಿಶಾ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವ ದಾಖಲೆ ಮಾಡಿದರು. ಮೊದಲ 400 ಮೀಟರ್ 49.28 ಸೆಕೆಂಡ್, ಎರಡನೆಯ 400 ಮೀಟರ್ 51.63 ಸೆಕೆಂಡ್. ಅವರೂ ಎರಡನೆಯ ಅರ್ಧದಲ್ಲಿ ನಿಧಾನವಾದರು. ಆದರೆ ಎಷ್ಟು? ಬರೀ 2.35 ಸೆಕೆಂಡ್. ಇವಳ ಎರಡನೆಯ ಸುತ್ತಿಗೂ ಏಳನೆಯದಕ್ಕೂ ಇದ್ದ ಅಂತರವೇ 6 ಸೆಕೆಂಡ್.

ನಮ್ಮ ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸಿನಲ್ಲಿ 55.42 ಸೆಕೆಂಡಿಗೆ ಬಂದರು. ಕಂಚು ಗೆದ್ದವರದು 55.41. ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೆ ಪದಕ ತಪ್ಪಿತು. ಸಣ್ಣ ಅಂಕಿಯನ್ನು ಕಡೆಗಣಿಸಬಾರದೆಂದು ಹೇಳಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಶಾಲೆಯ ದೈಹಿಕ ಶಿಕ್ಷಕರೂ ನನ್ನ ಲೆಕ್ಕವನ್ನು ಒಪ್ಪಿದರು. ವರ್ಷವಿಡೀ ಸಂಜೆಯ ಹೊತ್ತು ಅಭ್ಯಾಸ. 400 ಮೀಟರ್ ಒಂದೇ ಹದದಲ್ಲಿ ಓಡುವುದು, ಎರಡು ನಿಮಿಷ ನಡೆಯುವುದು, ಮತ್ತೆ ಓಡುವುದು. ಹೀಗೆ ಐದು ಸಲ. ನಾನು ಕಲ್ಲುಬೆಂಚಿನ ಮೇಲೆ ಕುಳಿತು ಸುತ್ತಿಗೊಮ್ಮೆ ಸಮಯ ಕೂಗುವವನು. ಒಂಬತ್ತನೆಯ ತರಗತಿಗೆ ಬಂದಾಗ ಅಭ್ಯಾಸದಲ್ಲಿ 24, 49, 50, 50, 50, 50, 50, 49. ಒಟ್ಟು 6 ನಿಮಿಷ 12 ಸೆಕೆಂಡ್. ಲೆಕ್ಕ ಟ್ಯಾಲಿ ಆಯಿತೆಂದು ನಾನು ಬೀಗಿದೆ.

ಆ ವರ್ಷದ ಓಟ ಮಧ್ಯಾಹ್ನ ಎರಡೂವರೆಗೆ ಶುರುವಾಯಿತು. ನಾನೂ ಹೋಗಿದ್ದೆ. ಅವಳು ಹೇಳಿಕೊಟ್ಟ ಹಾಗೆಯೇ ಓಡಿದಳು. 25, 50, 50, 50, 51. ನನ್ನ ಎದೆ ಉಬ್ಬಿತು. ಆಮೇಲೆ 57, 60, 56. ಒಟ್ಟು 6 ನಿಮಿಷ 39 ಸೆಕೆಂಡ್. ಹಿಂದಿನ ವರ್ಷಕ್ಕಿಂತಲೂ ನಿಧಾನ. ಗೆರೆ ದಾಟಿದವಳು ತಲೆ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು.

ಮನೆಗೆ ಬಂದ ಮೇಲೆ ನಾನು ಆಡಬಾರದ ಮಾತು ಆಡಿದೆ. "ಕಾಲಿನ್ಯಾಗ ಶಕ್ತಿ ಇತ್ತು. ಮನಸ್ಸು ಬಿಟ್ಟಿ ನೀನು. ಧೈರ್ಯ ಇಲ್ಲ ನಿನಗ."

ಅವಳು ಅಳಲಿಲ್ಲ. "ಅಜ್ಜಾ, ನಾ ಇನ್ನ ಓಡೂದಿಲ್ಲ" ಅಂದಳು. ಬೂಟುಗಳನ್ನು ಅಟ್ಟಕ್ಕೆ ಹಾಕಿದಳು. ಸಂಜೆಯ ಮೈದಾನ ನಿಂತುಹೋಯಿತು. ನನ್ನ ಜೊತೆಗಿನ ಮಾತೂ ಅರ್ಧವಾಯಿತು.

ಎರಡು ವಾರವಾಗಿರಬಹುದು. ಪಾಸ್‌ಬುಕ್ಕು, ಅರ್ಜಿ ಎಂದು ನನ್ನ ಹತ್ತಿರ ಬರುವ ಸಿದ್ದಿ ಹೆಣ್ಣುಮಗಳೊಬ್ಬಳು ಬಂದಳು. ನಮ್ಮ ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರು ಇರುವುದು ಹಲವರಿಗೆ ಗೊತ್ತು. ಇವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇವರ ಮಕ್ಕಳನ್ನು ಆರಿಸಿ, ಹಾಸ್ಟೆಲಿನಲ್ಲಿಟ್ಟು ತರಬೇತಿ ಕೊಟ್ಟಿತು. ಹರ್ಡಲ್ಸ್ ಓಟದಲ್ಲಿ ಹೆಸರು ಮಾಡಿದ ಕಮಲಾ ಸಿದ್ದಿ ಆ ಯೋಜನೆಯಿಂದ ಬಂದವರು. 90ರ ದಶಕದಲ್ಲಿ ಯೋಜನೆ ನಿಂತಿತು. ಎಷ್ಟೋ ಮಕ್ಕಳು ಊರಿಗೆ ಮರಳಿ ಹೊಲ ಕಾಡು ಎಂದು ಉಳಿದುಬಿಟ್ಟರು. ಈಕೆಯೂ ಅವರಲ್ಲಿ ಒಬ್ಬಳು. ಇಷ್ಟು ವರ್ಷ ಅವಳ ಅರ್ಜಿ ತುಂಬಿದ್ದೇನೆ, ಆದರೆ ಅವಳು ಓಡುತ್ತಿದ್ದಳೆಂಬುದು ನನಗೆ ಆ ದಿನವೇ ಗೊತ್ತಾದದ್ದು. ನಾವು ಅರ್ಜಿಯಲ್ಲಿ ಇರುವುದನ್ನು ಮಾತ್ರ ಕೇಳುತ್ತೇವೆ, ನೋಡಿ.

ಮೇಜಿನ ಮೇಲಿದ್ದ ಡೈರಿ ನೋಡಿ ಇದೇನೆಂದು ಕೇಳಿದಳು. ಹೇಳಿದೆ. ಬೆರಳಿಟ್ಟು ಅಂಕಿಗಳನ್ನು ಓದಿದಳು.

"ಸಾಹೇಬ್ರ, ನಮ್ಮ ಕೋಚ್ ಕಡೆನೂ ಹಿಂತಾ ವಹಿ ಇತ್ತು. ಅದರಾಗ ಟೈಮ್ ಅಷ್ಟ ಇರ್ತಿದ್ದಿಲ್ಲ. ರಾತ್ರಿ ನಿದ್ದಿ ಎಷ್ಟು, ಏನ್ ತಿಂದ್ರಿ, ಬೆಳಿಗ್ಗೆ ಏಳೂದ್ರಾಗ ನಾಡಿ ಎಷ್ಟು, ಎಲ್ಲಾ ಬರೀತಿದ್ರು. ಈ ಹುಡುಗಿ ಸಂಜಿಮುಂದ ಚಲೋ ಓಡ್ಯಾಳ. ರೇಸಿನ ದಿವಸ ಅಷ್ಟ ಬಿದ್ದಾಳ. ಆ ದಿವಸ ಏನಾತು ಅಂತ ಕೇಳೀರೇನು?"

ಕೇಳಿರಲಿಲ್ಲ. ಎರಡೂ ಸಾಲುಗಳು ನನ್ನ ಕಣ್ಣೆದುರೇ ಇದ್ದವು. ಮೊದಲ 900 ಮೀಟರಿನಲ್ಲಿ ಅಭ್ಯಾಸಕ್ಕೂ ಓಟಕ್ಕೂ 3 ಸೆಕೆಂಡಿನ ವ್ಯತ್ಯಾಸ. ಕೊನೆಯ 600 ಮೀಟರಿನಲ್ಲಿ 24 ಸೆಕೆಂಡ್. ಓಡುವ ಕ್ರಮ ಒಂದೇ ಆಗಿದ್ದರೆ ಬದಲಾದದ್ದು ಬೇರೇನೋ ಇರಬೇಕಲ್ಲ? ಆ ಬೇರೇನೋ ಎಂಬ ಜಾಗದಲ್ಲಿ ನಾನು ಧೈರ್ಯವಿಲ್ಲ ಎಂದು ನನ್ನಷ್ಟಕ್ಕೇ ಬರೆದುಕೊಂಡಿದ್ದೆ.

ಆಕೆ ಮೊಮ್ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅರ್ಧ ಗಂಟೆ ಇಬ್ಬರೂ ಬಾವಿಕಟ್ಟೆಯ ಮೇಲೆ ಕುಳಿತಿದ್ದರು. ಬಂದು ನನ್ನ ಮುಂದೆ ಒಂದೇ ಮಾತು ಹೇಳಿದಳು: "ಮುಂಜಾನಿಂದ ನೀರು ಕುಡಿದಿಲ್ರಿ ಹುಡುಗಿ. ಎರಡೂ ವರ್ಷ."

ಆ ಮೈದಾನದಲ್ಲಿ ಹೆಣ್ಣುಮಕ್ಕಳು ಹೋಗುವಂಥ ಶೌಚಾಲಯವಿರಲಿಲ್ಲ. ಒಂದಿತ್ತು, ಅದಕ್ಕೆ ಚಿಲಕವಿಲ್ಲ, ನೀರಿಲ್ಲ. ಅದಕ್ಕೇ ದೂರದ ಊರುಗಳಿಂದ ಬೆಳಿಗ್ಗೆಯೇ ಬಂದ ಹುಡುಗಿಯರೆಲ್ಲ ಸಂಜೆಯವರೆಗೆ ಬಾಯಿ ಒಣಗಿಸಿಕೊಂಡು ಇರುತ್ತಿದ್ದರಂತೆ. ಅಜ್ಜನ ಮುಂದೆ ಇದನ್ನು ಹೇಳುವುದು ಹೇಗೆ ಎಂದು ಇವಳು ಬಾಯಿ ಮುಚ್ಚಿಕೊಂಡಿದ್ದಳು.

ದೇಹದ ತೂಕದ ನೂರಕ್ಕೆ 2ರಷ್ಟು ನೀರು ಕಡಿಮೆಯಾದರೂ ದೂರದ ಓಟದ ಸಾಮರ್ಥ್ಯ ತಗ್ಗುತ್ತದೆ. 40 ಕಿಲೊ ತೂಕದ ಮಗುವಿಗೆ ಅದು 800 ಗ್ರಾಂ, ಸಾಧಾರಣ ನಾಲ್ಕು ಲೋಟ ನೀರು. ನೀರು ಕಡಿಮೆಯಾದಾಗ ರಕ್ತದ ಪ್ರಮಾಣ ಇಳಿಯುತ್ತದೆ, ಎದೆ ಹೆಚ್ಚು ಬಡಿಯಬೇಕಾಗುತ್ತದೆ, ಮೈ ಬಿಸಿ ಏರುತ್ತದೆ. ತಲೆ ಹಿಡಿದುಕೊಂಡು ಕುಳಿತವಳನ್ನು ನೋಡಿಯೂ ನಾನು ಗಡಿಯಾರವನ್ನೇ ನೋಡುತ್ತಿದ್ದೆ.

ಆ ರಾತ್ರಿ ಅವಳ ಹತ್ತಿರ ಹೋಗಿ, "ತಪ್ಪು ನನ್ನದು ಪುಟ್ಟಿ" ಅಂದೆ. ಅವಳು ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಅಟ್ಟದ ಏಣಿ ಸದ್ದಾಯಿತು.

ಡೈರಿಯಲ್ಲಿ ಹೊಸ ಅಂಕಣಗಳು ಬಂದವು: ನಿದ್ದೆ, ಊಟ, ನೀರು, ನಾಡಿ. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಿ ಅವಳೇ ಬರೆಯುತ್ತಿದ್ದಳು. ನಾಡಿ ದಿನದ ರೂಢಿಗಿಂತ ಹೆಚ್ಚಾಗಿದ್ದರೆ ಆ ಸಂಜೆ ಓಟ ಬೇಡ, ಬರೀ ನಡಿಗೆ. ಓಡುವ ಕ್ರಮವನ್ನು ಮಾತ್ರ ಬದಲಿಸಲಿಲ್ಲ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ. ಇದೂ ಬ್ಯಾಂಕಿನಲ್ಲಿ ಕಲಿತ ಪಾಠವೇ.

ನನ್ನ ಕೆಲಸ ಇನ್ನೊಂದಿತ್ತು. ಗುಮಾಸ್ತನ ಕೈ, ಅರ್ಜಿ ಬರೆದೆ. ಆರು ಜನ ತಾಯಂದಿರ ಸಹಿ ಹಾಕಿಸಿ ಕೊಟ್ಟೆ. ಮರುವರ್ಷದ ಕೂಟದ ಹೊತ್ತಿಗೆ ಆ ಶೌಚಾಲಯಕ್ಕೆ ಚಿಲಕ ಬಂತು, ಹೊರಗೆ ನೀರಿನ ಡ್ರಮ್ಮು ಬಂತು. ಮೈದಾನದ ಎದುರು ಮನೆಯ ಅಮ್ಮ, "ನಮ್ಮನಿಗೂ ಕಳಸ್ರಿ ಹುಡುಗ್ಯಾರನ್ನ" ಅಂದರು. ಸೊಸೆ ಒಂದು ಕೊಡ ನಿಂಬೆ ಪಾನಕ ಒಯ್ದಳು. ಬೇರೆ ಬೇರೆ ಶಾಲೆಗಳ ಮಕ್ಕಳು ಸಾಲಾಗಿ ನಿಂತು ಕುಡಿದರು. ನಮ್ಮವಳ ಎದುರಾಳಿಗಳೂ ಕುಡಿದರು.

ಹತ್ತನೆಯ ತರಗತಿಯ ಆ ಓಟದ ಲೆಕ್ಕ ಹೀಗಿದೆ: 25, 50, 50, 49, 49, 49, 49, 48. ಒಟ್ಟು 6 ನಿಮಿಷ 9 ಸೆಕೆಂಡ್. ಎರಡನೆಯ ಸ್ಥಾನ. ಮೊದಲು ಬಂದವಳು ಇವಳಿಗಿಂತ 11 ಸೆಕೆಂಡ್ ಮುಂದಿದ್ದಳು, ಅವಳೂ ನಮ್ಮ ಪಾನಕ ಕುಡಿದವಳೇ. ಗೆರೆಯ ಆಚೆ ಆ ಸಿದ್ದಿ ಹೆಣ್ಣುಮಗಳು ನಿಂತಿದ್ದಳು. ಮೊಮ್ಮಗಳು ನನ್ನನ್ನು ದಾಟಿ ಮೊದಲು ಅವಳ ಹತ್ತಿರ ಹೋದಳು. ಅದು ಸರಿಯಾಗಿಯೇ ಇತ್ತು.

ಈಗ ಡೈರಿ ನನ್ನ ಕೈಯಲ್ಲಿಲ್ಲ. ಕಾಲೇಜಿಗೆ ಹೋಗುವ ಅವಳೇ ಬರೆದುಕೊಳ್ಳುತ್ತಾಳೆ. ಮೊನ್ನೆ ಕನ್ನಡಕ ಏರಿಸಿಕೊಂಡು ಕದ್ದು ನೋಡಿದೆ. ನಿದ್ದೆ, ಊಟ, ನೀರು, ನಾಡಿ ಆದ ಮೇಲೆ ಕೊನೆಯಲ್ಲಿ ಇನ್ನೊಂದು ಅಂಕಣ ಸೇರಿದೆ: "ಅಜ್ಜ ಬೈದ್ನೇನು?"

ಅದರ ಕೆಳಗೆ ಉದ್ದಕ್ಕೂ ಸೊನ್ನೆ ಹಾಕಿದ್ದಾಳೆ.