ಸವೆದ ಮುಂಗಾಲು

ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಹೋಬಳಿಯಲ್ಲಿರುವ ನಮ್ಮ ಮನೆಗೆ 1994ರಲ್ಲಿ ಒಂದು ಮಹೀಂದ್ರ ಪಿಕಪ್ ಜೀಪು ಬಂದಿತು. ತೀರ್ಥರೂಪರು ಅದನ್ನು ಎರಡನೆಯ ಕೈಯಿಂದ ಕೊಂಡು ತಂದಿದ್ದರು. ತೋಟದ ಕಾಫಿ, ಮೆಣಸು, ಗೊಬ್ಬರ, ಮದುವೆ ಮನೆಗಳ ಪಾತ್ರೆಪಡಗ, ಶಾಲೆಗೆ ಹೊರಟ ಮಕ್ಕಳು, ಹೆರಿಗೆಗೆ ಹೊರಟ ನೆರೆಮನೆಯ ಹೆಣ್ಣುಮಕ್ಕಳು, ಹೀಗೆ ಅದು ಹೊರದ ಹೊರೆಯಿಲ್ಲ. 2011ರಲ್ಲಿ ತೀರ್ಥರೂಪರು ಲಿಂಗೈಕ್ಯರಾದ ಮೇಲೆ ಅದರ ಬೀಗದ ಕೈ ನಮ್ಮ ಜೇಬಿಗೆ ಬಂದಿತು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮಾದಾಪುರ, ಹಟ್ಟಿಹೊಳೆಗಳ ಕಡೆ ಜನ ಮನೆಮಾರು ಕಳೆದುಕೊಂಡಾಗ, ಊರವರು ಕೂಡಿಸಿದ ಅಕ್ಕಿ, ಕಂಬಳಿಗಳನ್ನು ಇದೇ ಜೀಪಿನಲ್ಲಿ ತುಂಬಿಕೊಂಡು ಹೋಗಿದ್ದೆವು. ಈ ಸಂಗತಿಯನ್ನು ನೆಂಟರಿಷ್ಟರ ಮುಂದೆ ನಾವು ಎಷ್ಟು ಬಾರಿ ಹೇಳಿದ್ದೇವೆಯೋ ಲೆಕ್ಕವಿಲ್ಲ. ಅಂತಹ ಗಾಡಿಯಲ್ಲಿ ದೋಷವಿದೆಯೆಂದರೆ ಒಪ್ಪಿಕೊಳ್ಳಲು ನಮಗೆ ಮನಸ್ಸು ಬಾರದೆ ಇದ್ದುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಕೊಡಗಿನವರಿಗೆ ಜೀಪಿನ ಪರಿಚಯ ಹೇಳಬೇಕಾದುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ವಿಲ್ಲಿಸ್ ಜೀಪನ್ನು ಮಹೀಂದ್ರ ಸಹೋದರರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸಲಾರಂಭಿಸಿತು. ಆ ವಂಶದ ಗಾಡಿಗಳಿಗೆ ಮುಂದೆಯೂ ಹಿಂದೆಯೂ ಪಟ್ಟಿಯ ಸ್ಪ್ರಿಂಗುಗಳು. ಉದ್ದದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದರಂತೆ ಬಿಲ್ಲಿನ ಹಾಗೆ ಜೋಡಿಸಿ, ನಡುವೆ ಆಕ್ಸಲನ್ನು ಬಿಗಿದು, ತುದಿಗಳನ್ನು ಚೌಕಟ್ಟಿಗೆ ತೂಗುಹಾಕಿರುತ್ತಾರೆ. ನಮ್ಮ ಅಜ್ಜಂದಿರು ಏರಿದ ಜಟಕಾ ಗಾಡಿಯಲ್ಲಿದ್ದುದೂ ಇದೇ ಏರ್ಪಾಟು. ಮುರಿಯುವುದು ಅಪರೂಪ, ಸವೆಯುವುದು ಮಾತ್ರ ದಿನನಿತ್ಯ.

ಆ ಸವೆತವು ಒಂದು ದಿನ ಬಂದು ಬಾಗಿಲು ತಟ್ಟುವುದಿಲ್ಲ. ಸ್ಟಿಯರಿಂಗ್ ಚಕ್ರವನ್ನು ಮೊದಲು ಒಂದು ಬೆರಳಿನಷ್ಟು ತಿರುಗಿಸಿದರೆ ಗಾಡಿ ತಿರುಗುತ್ತಿದ್ದುದು, ಬರುಬರುತ್ತ ಎರಡು ಬೆರಳು, ಆಮೇಲೆ ಅಂಗೈಯಗಲ ತಿರುಗಿಸಿದ ಮೇಲೆ ತಿರುಗಲಾರಂಭಿಸಿತು. ಗಾಡಿ ಎಡಕ್ಕೆ ಎಳೆಯುತ್ತಿತ್ತು. ನಾವು ಬಲಕ್ಕೆ ಹಿಡಿದಿರುತ್ತಿದ್ದೆವು. ಗುಂಡಿಗೆ ಬಿದ್ದರೆ ಮುಂದಿನ ಚಕ್ರಗಳು ಗಡಗಡ ನಡುಗುತ್ತಿದ್ದವು. ನಾವು ವೇಗ ತಗ್ಗಿಸುತ್ತಿದ್ದೆವು. ನಮ್ಮ ಕೈಗಳು ಗಾಡಿಯ ರೋಗವನ್ನು ಕಲಿತುಕೊಂಡವು. ಇದನ್ನು ನಾವು ಅನುಭವವೆಂದು ಭಾವಿಸಿದ್ದೆವು.

ನಮ್ಮ ಮಗಳು ಮೈಸೂರಿನಲ್ಲಿ ಓದು ಮುಗಿಸಿ, ಎರಡು ವರ್ಷ ಅಲ್ಲಿಯೇ ನೌಕರಿ ಮಾಡಿ, ತೋಟವನ್ನು ತಾನೇ ನೋಡಿಕೊಳ್ಳುವೆನೆಂದು ಊರಿಗೆ ಮರಳಿದಳು. ಸಂತೋಷವೇ ಆಯಿತು. 2023ರ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಮಾತೃಶ್ರೀಯವರ ಕಣ್ಣು ತೋರಿಸಲು ಸೋಮವಾರಪೇಟೆಗೆ ಹೊರಟಾಗ, ತಾನೇ ಓಡಿಸುವೆನೆಂದು ಜೀಪನ್ನೇರಿದಳು. ನಾವು ಪಕ್ಕದಲ್ಲಿ, ಮಾತೃಶ್ರೀಯವರು ನಡುವೆ. ಇಳಿಜಾರಿನ ತಿರುವೊಂದರಲ್ಲಿ ಎದುರಿನಿಂದ ಬಸ್ಸು ಬಂದಿತು. ಅವಳು ಎಡಕ್ಕೆ ಸರಿದಳು, ಚಕ್ರ ಗುಂಡಿಗಿಳಿಯಿತು, ಮುಂಭಾಗವೆಲ್ಲ ನಡುಗಿ ಗಾಡಿ ಇಳಿಜಾರಿನ ಅಂಚಿನತ್ತ ಎಳೆದುಕೊಂಡು ಹೋಯಿತು. ಹೇಗೋ ನಿಲ್ಲಿಸಿದಳು. ಅಂಚಿಗೂ ಎಡಚಕ್ರಕ್ಕೂ ನಡುವೆ ಒಂದು ಮೊಳ ಜಾಗವಿತ್ತು. ಮಾತೃಶ್ರೀಯವರು ಎದೆಯ ಮೇಲಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದರು.

ಮಗಳು ಕೆಳಗಿಳಿದು, "ಅಪ್ಪಾಜಿ, ನಾನು ತಿರುಗಿಸಿದ ಕಡೆಗೆ ಇದು ಹೋಗುವುದಿಲ್ಲ. ನೀವು ಇದನ್ನು ಓಡಿಸುತ್ತಿಲ್ಲ, ಒಪ್ಪಿಸಿಕೊಂಡು ಹೋಗುತ್ತಿದ್ದೀರಿ. ಇದರಲ್ಲಿ ಅಜ್ಜಿಯನ್ನು ನಾನು ಕರೆದೊಯ್ಯುವುದಿಲ್ಲ" ಎಂದಳು.

ನಮಗೆ ಕೋಪವೇ ಬಂದಿತು. ಓಡಿಸಲು ಬಾರದವರು ಗಾಡಿಯನ್ನು ಬೈಯುತ್ತಾರೆ ಎಂದುಬಿಟ್ಟೆವು. ಆ ಮಾತು ಆಡಬಾರದಾಗಿತ್ತು. ಮುಂದಿನ ದಾರಿಯನ್ನು ನಾವೇ ಓಡಿಸಿದೆವು, ಮೂವರೂ ಮಾತನಾಡಲಿಲ್ಲ. ಆದರೆ ಆ ದಾರಿಯುದ್ದಕ್ಕೂ ನಮ್ಮ ಕೈಗಳನ್ನೇ ನಾವು ನೋಡುತ್ತಿದ್ದೆವು. ಅವು ಒಂದು ಗಳಿಗೆಯೂ ಸುಮ್ಮನಿರಲಿಲ್ಲ.

ಮರುದಿನ ಸೋಮವಾರಪೇಟೆಯ ಹಿರಿಯ ಮಿಸ್ತ್ರಿಯವರನ್ನು ಮನೆಗೆ ಕರೆಸಿದೆವು. ಅವರು ಉಪಕರಣ ಮುಟ್ಟುವ ಮೊದಲು ಜಾಕಿನಿಂದ ಮುಂದಿನ ಆಕ್ಸಲನ್ನೆತ್ತಿ, ಕೆಳಗೆ ಹಲಸಿನ ದಿಮ್ಮಿಗಳನ್ನು ಕೊಟ್ಟರು. ಜಾಕನ್ನೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆಯಿಡಬಾರದೆಂದು ಪಕ್ಕದಲ್ಲಿ ನಿಂತ ಹುಡುಗರಿಗೆ ಗದರಿಸಿ ಹೇಳಿದರು. ಬಳಿಕ ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸಿದರು. ಕಟಕಟ ಸದ್ದಾಯಿತು. ಮಗಳಿಗೆ ಬ್ರೇಕು ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿದರು. ಸದ್ದು ನಿಲ್ಲಲಿಲ್ಲ. ಬ್ರೇಕು ಒತ್ತಿದಾಗ ಅಲುಗಾಟ ನಿಂತರೆ ದೋಷ ಚಕ್ರದ ಬೇರಿಂಗಿನದು. ನಿಲ್ಲದಿದ್ದರೆ ಚಕ್ರ ತಿರುಗಲು ಆಧಾರವಾದ ಕಿಂಗ್‌ಪಿನ್ನಿನ ಬೇರಿಂಗುಗಳದು ಎಂದು ವಿವರಿಸಿದರು. ಅನಂತರ ಚಕ್ರವನ್ನು ಎಡಬಲಗಳಲ್ಲಿ ಹಿಡಿದು ಅಲುಗಿಸಿದರೆ ಟೈರಾಡಿನ ತುದಿಗಳೂ ಆಡುತ್ತಿದ್ದವು. ಇಷ್ಟು ಸರಳವಾದ ಪರೀಕ್ಷೆಯನ್ನು ಜೀಪಿರುವ ಯಾವ ಮನೆಯವರಾದರೂ ಮಾಡಿ ನೋಡಬಹುದು. ನಾವು ಮಾಡಿರಲಿಲ್ಲ.

ಮಾರಿಬಿಡುವ ಮಾತೂ ಬಂದಿತು. ಗುಜರಿಯವರೊಬ್ಬರು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ್ದರು. ಚೌಕಟ್ಟು, ಎಂಜಿನ್ ಎರಡೂ ಗಟ್ಟಿಯಾಗಿವೆ, ಮುಂಗಾಲನ್ನು ಹೊಸದಾಗಿ ಕಟ್ಟಿದರೆ ಇನ್ನೂ ಬಹುಕಾಲ ಓಡುತ್ತದೆ ಎಂದು ಮಿಸ್ತ್ರಿಯವರು ಹೇಳಿದಾಗ, ಎಡಗಡೆಯದೇ ಹೆಚ್ಚು ಕೆಟ್ಟಿರುವುದರಿಂದ ಅದನ್ನಷ್ಟೇ ಮಾಡಿ ಎಂದೆವು. ಅವರು ಒಪ್ಪಲಿಲ್ಲ. ಒಂದು ಕಡೆ ಹೊಸ ಸ್ಪ್ರಿಂಗು, ಇನ್ನೊಂದು ಕಡೆ ಸೋತ ಸ್ಪ್ರಿಂಗು ಇಟ್ಟರೆ ಗಾಡಿ ಒಂದು ಭುಜ ಎತ್ತಿಕೊಂಡು ನಿಲ್ಲುತ್ತದೆ, ಅಂಥ ಕೆಲಸಕ್ಕೆ ನನ್ನನ್ನು ಕರೆಯಬೇಡಿ ಎಂದರು. ಮುಂಗಾರಿಗೆ ಇನ್ನೂ ಒಂದು ತಿಂಗಳಿತ್ತು. ಒಪ್ಪಿಕೊಂಡೆವು.

ಬಿಚ್ಚುವ ಕೆಲಸಕ್ಕೇ ಎರಡು ದಿನ ಹಿಡಿಯಿತು. ನಮ್ಮ ಕಡೆಯ ಮಳೆ, ಕೆಸರು ಕಂಡವರಿಗೆ ಇದು ಆಶ್ಚರ್ಯವೆನಿಸದು. ಬೋಲ್ಟುಗಳು ತುಕ್ಕಿನಲ್ಲಿ ಬೆಸೆದುಕೊಂಡಿದ್ದವು; ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಉದ್ದನೆಯ ಕೊಳವೆ ಸಿಕ್ಕಿಸಿ ತಿರುಗಿಸಬೇಕಾಯಿತು. ಸ್ಪ್ರಿಂಗನ್ನು ಚೌಕಟ್ಟಿಗೆ ತೂಗುಹಾಕುವ ಶ್ಯಾಕಲ್ ಪಿನ್ನುಗಳು ಹೊರಬಂದಾಗ ನಮಗೆ ತಲೆ ಎತ್ತಲಾಗಲಿಲ್ಲ. ದುಂಡಗಿರಬೇಕಾದ ಪಿನ್ನು ಒಂದು ಪಕ್ಕದಲ್ಲಿ ಅರ್ಧಚಂದ್ರದಂತೆ ತಿಂದುಹೋಗಿತ್ತು. ಪ್ರತಿ ತಿಂಗಳೂ ಗ್ರೀಸು ಹಾಕಿಸುತ್ತೇವೆಂದು ನಾವು ಹೇಳಿಕೊಳ್ಳುತ್ತಿದ್ದೆವು, ಹಾಕಿಸುತ್ತಲೂ ಇದ್ದೆವು. ಆದರೆ ಒಳಮಗ್ಗುಲಿನ ಎರಡು ಗ್ರೀಸು ನಿಪ್ಪಲ್ಲುಗಳ ಬಾಯಿ ಮಣ್ಣಿನಿಂದ ಮುಚ್ಚಿ ಎಷ್ಟು ವರ್ಷವಾಗಿತ್ತೋ, ಕೊಟ್ಟ ಗ್ರೀಸೆಲ್ಲ ಹೊರಗೇ ಸುರಿದುಹೋಗಿತ್ತು. ಗ್ರೀಸು ಒತ್ತಿದಾಗ ಹಳೆಯದು ಪಕ್ಕದಿಂದ ಹೊರಬರುತ್ತಿದೆಯೇ ಎಂದು ಬಗ್ಗಿ ನೋಡಬೇಕಿತ್ತು. ನಾವು ನಿಂತೇ ಹಣ ಕೊಟ್ಟಿದ್ದೆವು.

ಎಡಗಡೆಯ ಸ್ಪ್ರಿಂಗಿನಲ್ಲಿ ಮೂರನೆಯ ಪಟ್ಟಿ ಮುರಿದು, ಮಣ್ಣಿನಲ್ಲಿ ಮರೆಯಾಗಿ ಕುಳಿತಿತ್ತು. ಪಟ್ಟಿಗಳನ್ನೆಲ್ಲ ಒಂದಾಗಿ ಹಿಡಿದು, ಆಕ್ಸಲಿನ ಕುಳಿಯಲ್ಲಿ ಕೂರುವ ಸೆಂಟರ್ ಬೋಲ್ಟು ಕತ್ತರಿಸಿಹೋಗಿ, ಆಕ್ಸಲು ಆ ಕಡೆ ಒಂದು ಬೆರಳಿನಷ್ಟು ಹಿಂದೆ ಸರಿದಿತ್ತು. ಗಾಡಿ ಎಡಕ್ಕೆ ಎಳೆಯುತ್ತಿದ್ದುದು ರಸ್ತೆಯ ಓರೆಯಿಂದಲ್ಲ, ಇದರಿಂದ. ಹಳೆಯ ಪಟ್ಟಿಗಳನ್ನು ಕುಲುಮೆಯಲ್ಲಿ ಕಾಯಿಸಿ ಬಾಗಿಸಬಹುದಲ್ಲವೇ ಎಂದು ಕೇಳಿದೆವು. ಬರಿದೆ ಕಾಯಿಸಿ ಬಾಗಿಸಿದರೆ ಉಕ್ಕಿನ ಹದ ಕೆಡುತ್ತದೆ, ಮತ್ತೆ ಹದ ಕೊಡುವ ಅನುಕೂಲ ಇಲ್ಲಿಲ್ಲ, ಆರು ತಿಂಗಳಲ್ಲಿ ಚಪ್ಪಟೆಯಾಗುತ್ತದೆ ಎಂದರು. ಮೈಸೂರಿನಿಂದ ಎರಡೂ ಕಡೆಗೆ ಹೊಸ ಸ್ಪ್ರಿಂಗು, ಪಿನ್ನು, ಬುಷ್, ಯು ಬೋಲ್ಟುಗಳನ್ನು ಮಗಳೇ ಹೋಗಿ ತಂದಳು. ಹಳೆಯ ಯು ಬೋಲ್ಟುಗಳು ಚೆನ್ನಾಗಿವೆಯಲ್ಲ ಎಂದು ನಾವು ಎತ್ತಿಟ್ಟುಕೊಂಡಿದ್ದೆವು. ಒಮ್ಮೆ ಬಿಗಿದು ಎಳೆದ ಯು ಬೋಲ್ಟನ್ನು ಮತ್ತೆ ಬಳಸಬಾರದೆಂದು ಮಿಸ್ತ್ರಿಯವರು ಅವನ್ನು ನಮ್ಮ ಕಣ್ಣೆದುರಿಗೇ ಗುಜರಿಯ ಬುಟ್ಟಿಗೆ ಎಸೆದರು.

ಕಿಂಗ್‌ಪಿನ್ನಿನ ಕೆಲಸ ಇನ್ನೂ ಸೂಕ್ಷ್ಮವಾದುದು. ಆಕ್ಸಲಿನ ತುದಿಯ ಗುಂಡಿನ ಮೇಲೊಂದು, ಕೆಳಗೊಂದು ಬೇರಿಂಗು. ಸುತ್ತಲಿನ ಸೀಲು ಹರಿದು ನೀರು ಹೊಕ್ಕು, ಒಳಗಿನ ಗ್ರೀಸು ಕೆಮ್ಮಣ್ಣಿನ ಗಂಜಿಯಾಗಿತ್ತು. ಕೆಳಗಿನ ಬೇರಿಂಗಿನ ಬಟ್ಟಲಿನಲ್ಲಿ ಉಗುರು ಒತ್ತಿದಂತೆ ಸಾಲುಸಾಲು ತಗ್ಗುಗಳು. ಹೊಸ ಬೇರಿಂಗು ಕೂರಿಸಿದ ಮೇಲೆ, ಮುಚ್ಚಳದ ಕೆಳಗೆ ಕಾಗದದಷ್ಟು ತೆಳುವಾದ ತಗಡಿನ ಶಿಮ್ಮುಗಳನ್ನಿಟ್ಟು ಬಿಗಿತವನ್ನು ಹೊಂದಿಸಬೇಕು. ಶಿಮ್ಮು ತೆಗೆದರೆ ಬಿಗಿಯುತ್ತದೆ, ಸೇರಿಸಿದರೆ ಸಡಿಲವಾಗುತ್ತದೆ. ಬಿಗಿತ ಸರಿಯಿದೆಯೇ ಎಂದು ನೋಡಲು ಕೊಕ್ಕೆಯ ತಕ್ಕಡಿಯನ್ನು ಸಿಕ್ಕಿಸಿ ಎಳೆದು, ಎಷ್ಟು ತೂಕಕ್ಕೆ ತಿರುಗುತ್ತದೆಂದು ಓದಬೇಕಂತೆ. ಮಿಸ್ತ್ರಿಯವರ ಬಳಿ ತಕ್ಕಡಿಯಿರಲಿಲ್ಲ. ಮಾತೃಶ್ರೀಯವರು ಒಳಗಿನಿಂದ ಮೆಣಸು ತೂಗುವ ತಕ್ಕಡಿಯನ್ನು ತಂದುಕೊಟ್ಟರು. ಅದೇ ತಕ್ಕಡಿಯಿಂದ ಎಡ ಬಲ ಎರಡನ್ನೂ ಸಮ ಮಾಡಿದ್ದಾಯಿತು. ಮಗಳು ಮೂರು ಬಾರಿ ತಾನೇ ಎಳೆದು ಓದಿ ಬರೆದುಕೊಂಡಳು.

ಕೊನೆಯಲ್ಲಿ ಟೈರುಗಳ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಮುಂದೆ ಹಿಂದೆ ಅಳೆದು, ಚಕ್ರಗಳ ಮುಂತುದಿಗಳು ಎರಡು ಮಿಲಿಮೀಟರಿನ ಆಸುಪಾಸು ಒಳಗಿರುವಂತೆ ಟೈರಾಡನ್ನು ತಿರುಗಿಸಿದರು. ಹಾಗೆಯೇ ಒಂದು ಮಾತು: ರಬ್ಬರ್ ಬುಷ್ ಇರುವ ಈಚಿನ ಗಾಡಿಗಳಾದರೆ, ಚಕ್ರ ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಶ್ಯಾಕಲ್ ಬೋಲ್ಟನ್ನು ಪೂರ್ತಿ ಬಿಗಿಯಬೇಕು, ಇಲ್ಲವಾದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ನೆರೆಮನೆಯವರೊಬ್ಬರು ಇದನ್ನು ಕೇಳಿಸಿಕೊಂಡು ಆ ಸಂಜೆಯೇ ತಮ್ಮ ಗಾಡಿಯ ಬೋಲ್ಟು ಸಡಿಲಿಸಲು ಹೊರಟರು!

ಮೊದಲ ಓಟಕ್ಕೆ ಮಿಸ್ತ್ರಿಯವರು ಬೀಗದ ಕೈಯನ್ನು ನಮಗೆ ಚಾಚಿದರು. ನಾವು ಅದನ್ನು ಮಗಳಿಗೆ ಕೊಟ್ಟೆವು. ಅದೇ ಇಳಿಜಾರು, ಅದೇ ತಿರುವು. ಮಾತೃಶ್ರೀಯವರು ಬರುವರೋ ಇಲ್ಲವೋ ಎಂಬ ಅಳುಕು ನಮಗಿತ್ತು. ಅವರು ಎಲ್ಲರಿಗಿಂತ ಮೊದಲು ಏರಿ ನಡುವೆ ಕುಳಿತಿದ್ದರು. ಹೊಸ ಸ್ಪ್ರಿಂಗು ಗಡುಸಾಗಿತ್ತು, ಗುಂಡಿಗಳಲ್ಲಿ ಎತ್ತಿ ಹಾಕಿತು. ಆದರೆ ಗಾಡಿ ಗೆರೆ ಎಳೆದಂತೆ ಹೋಯಿತು. ತಿರುವಿನ ಬಳಿ ನಮ್ಮ ಬಲಗೈ ತಾನಾಗಿಯೇ ಮೇಲೆದ್ದಿತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಮಗಳು ನೋಡಿದಳು, ಏನೂ ಅನ್ನಲಿಲ್ಲ. ಅಂದು ಆಡಿದ ಮಾತಿಗಾಗಿ ಮನೆಗೆ ಬಂದ ಮೇಲೆ ಅವಳ ಬಳಿ ಕ್ಷಮೆ ಕೇಳಿದೆವು.

ತೀರ್ಥರೂಪರು ಡೀಸೆಲ್ ಲೆಕ್ಕ ಬರೆಯುತ್ತಿದ್ದ ಹಳೆಯ ಪುಸ್ತಕದಲ್ಲಿ ಖಾಲಿ ಹಾಳೆಗಳು ಉಳಿದಿದ್ದವು. ಈಗ ಅದರಲ್ಲಿ ಮಗಳು ಗ್ರೀಸು ಹಾಕಿದ ದಿನಾಂಕವನ್ನೂ, ಪ್ರತಿಯೊಂದು ನಿಪ್ಪಲ್ಲಿನಿಂದ ಹಳೆಯ ಗ್ರೀಸು ಹೊರಬಂದಿತೇ ಎಂಬುದನ್ನೂ ಬರೆಯುತ್ತಾಳೆ. ಐನೂರು ಕಿಲೋಮೀಟರು ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕೆಂದು ಮಿಸ್ತ್ರಿಯವರು ಹೇಳಿ ಹೋಗಿದ್ದರು. ಜೂನ್ ತಿಂಗಳ ಒಂದು ಸಂಜೆ, ಮಳೆ ಸ್ವಲ್ಪ ಬಿಟ್ಟಾಗ, ಆ ಕೆಲಸ ಮಾಡಿದೆವು. ಗೋಣಿತಾಟು ಹಾಸಿಕೊಂಡು ಕೆಳಗೆ ಸರಿದವರು ನಾವು, ಬ್ಯಾಟರಿ ಹಿಡಿದವಳು ಮಗಳು. ಎಡಗಡೆಯದೊಂದು ಕಾಲು ಸುತ್ತು ಬಂದಿತು. ಉಳಿದವು ಅಲುಗಲಿಲ್ಲ.