ವಿದುರನಿರಲಿಲ್ಲವೆ?

1975ನೆಯ ಇಸವಿಯ ಬೇಸಗೆ. ನಾನಾಗ ಹದಿನೈದು ವರ್ಷದ ಹುಡುಗ. ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿ. ರಜೆ ಬಂದಿದ್ದರೂ ಊರಿಗೆ ಹೋಗಲು ಅನುಕೂಲವಿಲ್ಲದ ನಾವು ನಾಲ್ಕು ಮಂದಿ ಗುರುಗಳ ಮನೆಯಲ್ಲಿಯೇ ಉಳಿದುಕೊಂಡಿದ್ದೆವು. ಆಕಾಶವಾಣಿಯವರು ಸಂಸ್ಕೃತದಲ್ಲಿ ವಾರ್ತೆಗಳನ್ನು ಹೇಳತೊಡಗಿ ಆಗ್ಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅದನ್ನು ಕೇಳುವುದು ನಮಗೆ ನಿತ್ಯದ ಪಾಠದಷ್ಟೇ ಕಡ್ಡಾಯವಾಗಿದ್ದಿತು. ವಾರ್ತೆ ಏನೆಂಬುದಕ್ಕಿಂತಲೂ, ಹೊರದೇಶದ ಹೆಸರುಗಳಿಗೆ ವಿಭಕ್ತಿಪ್ರತ್ಯಯಗಳನ್ನು ಹೇಗೆ ಹಚ್ಚುವರೆಂಬುದೇ ನಮಗೆ ಹೆಚ್ಚಿನ ಕುತೂಹಲ. ಮೇ ತಿಂಗಳ ಮೊದಲಲ್ಲಿ ಒಂದು ಬೆಳಗ್ಗೆ ಸೈಗಾನ್ ನಗರವು ಬಿದ್ದ ಸುದ್ದಿ ನಮಗೆ ತಿಳಿಯಿತು. ಅಮೆರಿಕದವರು ಹೆಲಿಕಾಪ್ಟರುಗಳನ್ನು ಹತ್ತಿ ಆ ಊರನ್ನು ಬಿಟ್ಟು ಹೊರಟುಹೋಗಿದ್ದರು. ನಾವು ಹುಡುಗರು 'ವಿಯೆಟ್ನಾಮ' ಶಬ್ದವು ಅಕಾರಾಂತವೋ ನಕಾರಾಂತವೋ ಎಂದು ವಾದಿಸುತ್ತಿರಲು, ಗುರುಗಳು ಬಹಳ ಹೊತ್ತು ಸುಮ್ಮನಿದ್ದು, "ಅಷ್ಟು ದೊಡ್ಡ ರಾಜ್ಯ. ಅವರಿಗೆ ಬುದ್ಧಿ ಹೇಳಲು ಒಬ್ಬ ವಿದುರನಿರಲಿಲ್ಲವೇನೋ?" ಎಂದರು.

ನಮ್ಮಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ. ಗುರುಗಳು ಕಾಲವಾಗಿ ಬಹುಕಾಲವಾಯಿತು. ನಾನು ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ ದೊರೆತ ವಿರಾಮದಲ್ಲಿ ಆ ಪ್ರಶ್ನೆಯ ಬೆನ್ನುಹತ್ತಿ ಕೈಗೆ ಸಿಕ್ಕಿದ ಗ್ರಂಥಗಳನ್ನು ಓದಿದೆನು. ಓದಿ ಕಂಡುದನ್ನೂ, ಅದರಿಂದ ನನ್ನ ಮನಸ್ಸಿಗೆ ಆದುದನ್ನೂ ವಾಚಕರ ಮುಂದಿಡುವುದೇ ಈ ಬರೆಹದ ಉದ್ದೇಶ.

ಕಥೆಯ ಪೂರ್ವಭಾಗವನ್ನು ಸಂಗ್ರಹವಾಗಿ ಹೇಳುತ್ತೇನೆ. ವಿಯೆಟ್ನಾಮು ಫ್ರೆಂಚರು ಆಳುತ್ತಿದ್ದ ದೇಶ. 1954ರ ಮೇ ತಿಂಗಳಲ್ಲಿ ದಿಯೆನ್ ಬಿಯೆನ್ ಫು ಎಂಬ ಕಣಿವೆಯಲ್ಲಿ ಫ್ರೆಂಚ್ ಸೈನ್ಯವು ಸೋತು ಶರಣಾಯಿತು. ಅದೇ ವರ್ಷ ಜಿನೀವಾ ನಗರದಲ್ಲಿ ಆದ ಒಪ್ಪಂದದಂತೆ ದೇಶವನ್ನು 17ನೆಯ ಅಕ್ಷಾಂಶದಲ್ಲಿ ತಾತ್ಕಾಲಿಕವಾಗಿ ಇಬ್ಭಾಗ ಮಾಡಿ, 1956ರಲ್ಲಿ ಚುನಾವಣೆ ನಡೆಸಿ ಒಂದುಗೂಡಿಸತಕ್ಕುದೆಂದು ನಿಶ್ಚಯವಾಯಿತು. ಇದರ ಪಾಲನೆಯನ್ನು ನೋಡಿಕೊಳ್ಳಲು ನೇಮಕವಾದ ಮಂಡಲಿಗೆ ನಮ್ಮ ಭಾರತವೇ ಅಧ್ಯಕ್ಷ. ಕೆನಡಾ, ಪೋಲೆಂಡುಗಳು ಸದಸ್ಯರು. ಆದರೆ ಆ ಚುನಾವಣೆಯು ನಡೆಯಲೇ ಇಲ್ಲ. ಒಂದು ದೇಶವು ಕಮ್ಯೂನಿಸ್ಟರ ಕೈಸೇರಿದರೆ ನೆರೆಯವೆಲ್ಲವೂ ಸಾಲಾಗಿ ಉರುಳುವುವೆಂದು ಅಂಜಿ ಅಮೆರಿಕವು ದಕ್ಷಿಣದ ಸರ್ಕಾರಕ್ಕೆ ಬೆಂಬಲವಾಗಿ ನಿಂತಿತು. ಈ ಅಂಜಿಕೆಯೆಲ್ಲ ಬರಿಯ ಹುಸಿಯೆಂದು ನಾನು ಹೇಳಲಾರೆ. 1975ರ ತರುವಾಯ ಲಕ್ಷಾಂತರ ಜನರು ದೋಣಿಗಳಲ್ಲಿ ಕುಳಿತು ಆ ದೇಶವನ್ನು ಬಿಟ್ಟೋಡಿದರು. ಸುಖವಾಗಿದ್ದವರು ಯಾರೂ ಕಡಲಿಗೆ ಬೀಳುವುದಿಲ್ಲ. ಆದರೆ ಅಂಜಿಕೆಯು ಒಂದು. ಅಂಜಿಕೆಯಿಂದ ಹಿಡಿದ ದಾರಿಯು ತಪ್ಪೆಂದು ತಿಳಿದ ಮೇಲೂ ಅದನ್ನು ಬಿಡದಿರುವುದು ಇನ್ನೊಂದು.

1964ರ ಆಗಸ್ಟ್ ತಿಂಗಳಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ತಮ್ಮ ನಾವೆಗಳ ಮೇಲೆ ಎರಡು ಸಲ ದಾಳಿ ನಡೆಯಿತೆಂದು ಅಮೆರಿಕದ ಸರ್ಕಾರವು ಸಾರಿತು. ಎರಡನೆಯ ದಾಳಿಯು ನಡೆದೇ ಇರಲಿಲ್ಲವೆಂಬುದು ಬಳಿಕ ಸ್ಪಷ್ಟವಾಯಿತು. ಆದರೇನು? ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯವನ್ನು ಆ ವೇಳೆಗಾಗಲೇ ಪ್ರತಿನಿಧಿಸಭೆಯು 416 ಮತಗಳಿಂದ, ವಿರೋಧವೇ ಇಲ್ಲದೆ, ಅಂಗೀಕರಿಸಿ ಆಗಿದ್ದಿತು. 1965ರ ಮಾರ್ಚಿ 8ರಂದು ದಾನಾಂಗ್ ತೀರದಲ್ಲಿ ಮೊದಲ ಕಾದಾಳು ದಳವು ಇಳಿಯಿತು. 1968 ಮುಗಿಯುವ ವೇಳೆಗೆ ಅಲ್ಲಿದ್ದ ಅಮೆರಿಕದ ಸೈನಿಕರ ಸಂಖ್ಯೆ 5 ಲಕ್ಷವನ್ನು ಮೀರಿತ್ತು.

ಇನ್ನು ಗುರುಗಳ ಪ್ರಶ್ನೆ. ವಿದುರರು ಇದ್ದರು, ಒಬ್ಬನಲ್ಲ, ಹಲವರು. ಮೇಲ್ಮನೆಯಲ್ಲಿ 88 ಮಂದಿ ಆ ನಿರ್ಣಯಕ್ಕೆ ಕೈಯೆತ್ತಿದಾಗ ವೇಯ್ನ್ ಮೋರ್ಸ್, ಅರ್ನೆಸ್ಟ್ ಗ್ರೂನಿಂಗ್ ಎಂಬ ಇಬ್ಬರು ಒಪ್ಪಲಿಲ್ಲ. ವಿದೇಶಾಂಗ ಇಲಾಖೆಯ ಜಾರ್ಜ್ ಬಾಲ್ ಎಂಬಾತನು, ಈ ಯುದ್ಧವನ್ನು ಗೆಲ್ಲಲಾಗದು, ನಷ್ಟವು ಅಲ್ಪವಾಗಿರುವಾಗಲೇ ಹಿಂದೆಗೆಯಿರಿ ಎಂದು 1965ರಲ್ಲಿಯೇ ಅಧ್ಯಕ್ಷ ಜಾನ್ಸನ್ನನಿಗೆ ಬರೆದುಕೊಟ್ಟನು. 1967ರ ಏಪ್ರಿಲ್ ತಿಂಗಳಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ನ್ಯೂಯಾರ್ಕಿನ ಚರ್ಚೊಂದರಲ್ಲಿ ನಿಂತು ಯುದ್ಧವನ್ನು ಖಂಡಿಸಿದರು. ಬೀದಿಗಳಲ್ಲಿ ವಿದ್ಯಾರ್ಥಿಗಳು ಕೂಗಿ ಹೇಳಿದರು. 1970ರ ಮೇ 4ರಂದು ಓಹಾಯೋ ಪ್ರಾಂತದ ಕೆಂಟ್ ವಿದ್ಯಾಲಯದಲ್ಲಿ ಅಂತಹ ಪ್ರತಿಭಟನೆಯ ಮೇಲೆ ರಕ್ಷಕದಳದವರು ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳು ಸತ್ತರು. ಭಾರತದಲ್ಲಿ ವಿದುರನು ನೀತಿಯನ್ನು ಹೇಳಿದುದು ಧೃತರಾಷ್ಟ್ರನಿಗೆ ನಿದ್ದೆ ಬಾರದ ಒಂದು ರಾತ್ರಿ. ಜಾನ್ಸನ್ನನೂ ಎಷ್ಟೋ ರಾತ್ರಿ ನಿದ್ದೆಗೆಟ್ಟು, ಬಾಂಬು ಹಾಕಲು ಹೋದ ವಿಮಾನಗಳು ಮರಳಿದುವೇ ಎಂದು ವಿಚಾರಿಸುತ್ತಿದ್ದನಂತೆ. ಹೇಳುವವರಿಗೂ ಕೊರತೆಯಿರಲಿಲ್ಲ, ಕೇಳುವ ಕಿವಿಗೂ ಕೊರತೆಯಿರಲಿಲ್ಲ. ಹಾಗಾದರೆ ಕೊರತೆ ಯಾವುದರದು?

ಇದಕ್ಕೆ ಉತ್ತರವಾಗಿ ನನಗೆ ದೊರೆತುದು ಒಂದು ಲೆಕ್ಕ. 1965ರ ಮಾರ್ಚಿ ತಿಂಗಳಲ್ಲಿ ಜಾನ್ ಮೆಕ್‌ನಾಟನ್ ಎಂಬ ಅಧಿಕಾರಿಯು ರಕ್ಷಣಾಮಂತ್ರಿ ಮೆಕ್‌ನಮಾರಾನಿಗಾಗಿ ಒಂದು ಟಿಪ್ಪಣಿಯನ್ನು ಸಿದ್ಧಪಡಿಸಿದನು. ಅದರಲ್ಲಿ ತಮ್ಮ ರಾಷ್ಟ್ರದ ಉದ್ದೇಶಗಳನ್ನು ನೂರಕ್ಕೆ ಇಷ್ಟೆಂದು ಪಾಲು ಮಾಡಿ ತೋರಿಸಿದ್ದನು: ಅಪಮಾನಕರವಾದ ಸೋಲನ್ನು ತಪ್ಪಿಸಿಕೊಳ್ಳುವುದಕ್ಕೆ 70, ಆ ನೆಲವು ಚೀನದ ಕೈಸೇರದಂತೆ ತಡೆಯುವುದಕ್ಕೆ 20, ಅಲ್ಲಿನ ಜನರು ಸ್ವತಂತ್ರರಾಗಿ ಚೆನ್ನಾಗಿ ಬಾಳುವಂತೆ ಮಾಡುವುದಕ್ಕೆ 10. ಯಾರ ಹಿತಕ್ಕಾಗಿ ಯುದ್ಧವೆಂದು ಲೋಕಕ್ಕೆ ಸಾರಿದ್ದರೋ ಅವರಿಗೆ ಹತ್ತು. ತಮ್ಮ ಮುಖಕ್ಕೆ ಎಪ್ಪತ್ತು! ಯುದ್ಧದ ಮೂಲವನ್ನು ಕುರಿತು ರಕ್ಷಣಾ ಇಲಾಖೆಯವರೇ ಗುಟ್ಟಾಗಿ ಬರೆಯಿಸಿದ್ದ 7000 ಪುಟಗಳ ವರದಿಯನ್ನು ಡೇನಿಯಲ್ ಎಲ್ಸ್‌ಬರ್ಗ್ ಎಂಬಾತನು 1971ರಲ್ಲಿ ಪತ್ರಿಕೆಗಳಿಗೆ ಕೊಡಲಾಗಿ ಈ ಟಿಪ್ಪಣಿಯೂ ಬೆಳಕಿಗೆ ಬಂದಿತು.

ಮೆಕ್‌ನಮಾರಾನಿಗೂ ಸತ್ಯವು ತಿಳಿಯದೆ ಇರಲಿಲ್ಲ. 1967ರ ನವೆಂಬರ್ 1ರಂದು ಅವನು, ಬಾಂಬು ಹಾಕುವುದನ್ನು ನಿಲ್ಲಿಸಬೇಕು, ಸೈನ್ಯವನ್ನು ಇನ್ನು ಹೆಚ್ಚಿಸಬಾರದು ಎಂದು ಅಧ್ಯಕ್ಷನಿಗೆ ಬರೆದನು. ಅಧ್ಯಕ್ಷನು ಒಪ್ಪಲಿಲ್ಲ. ಮರುವರ್ಷದ ಫೆಬ್ರುವರಿ ಕೊನೆಗೆ ಮೆಕ್‌ನಮಾರಾ ಪದವಿಯನ್ನು ಬಿಟ್ಟನು. ಆದರೆ ಬಾಯಿ ಬಿಡಲಿಲ್ಲ. ನಾವು ತಪ್ಪಿದೆವೆಂದು ಅವನು ಪುಸ್ತಕದಲ್ಲಿ ಬರೆದು ಒಪ್ಪಿಕೊಂಡುದು 1995ರಲ್ಲಿ. ಆ ಯುದ್ಧದಲ್ಲಿ ಸತ್ತ ಅಮೆರಿಕದವರು 58,000ಕ್ಕೂ ಹೆಚ್ಚು ಮಂದಿ; ಅವರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನವರು ಸತ್ತುದು 1967ನೆಯ ಇಸವಿ ಮುಗಿದ ಮೇಲೆ. ಮೈ ಲಾಯ್ ಗ್ರಾಮದಲ್ಲಿ ಮುದುಕರು, ಹೆಂಗಸರು, ಕೂಸುಗಳೆನ್ನದೆ ನೂರಾರು ಜನರನ್ನು ಅಮೆರಿಕದ ಸೈನಿಕರು ಕೊಂದುದು 1968ರ ಮಾರ್ಚಿ 16ರಂದು. ಎಂದರೆ ಮಂತ್ರಿಯು ಮೌನವಾಗಿ ಮನೆಗೆ ಹೋದ ಎರಡೇ ವಾರಗಳ ಬಳಿಕ. ವಿಯೆಟ್ನಾಮಿನ ಸರ್ಕಾರವು 1995ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅವರ ಕಡೆ ಅಳಿದವರು ಕಾದಾಳುಗಳು 11 ಲಕ್ಷ, ಸಾಮಾನ್ಯ ಜನರು ಸುಮಾರು 20 ಲಕ್ಷ.

ಇದನ್ನೋದಿದಾಗ ಮೊದಲು ನನಗೆ ಬಂದುದು ಕೋಪ. ಇಷ್ಟು ಜೀವಗಳಿಗಿಂತ ಮುಖ ದೊಡ್ಡದಾಯಿತೇ ಎಂದುಕೊಂಡೆನು. ಆದರೆ ಅಂದು ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ. ಮೂವತ್ತು ವರ್ಷಕ್ಕೂ ಹಿಂದಿನ ಒಂದು ಸಂಗತಿಯು ನೆನಪಿಗೆ ಬಂದಿತು. ಅಣುವನ್ನು ಮೇರುವಿನ ಪಕ್ಕದಲ್ಲಿಡುತ್ತಿದ್ದೇನೆಂಬುದನ್ನು ಬಲ್ಲೆ, ವಾಚಕರು ಮನ್ನಿಸಬೇಕು.

ನಾನು ಕೆಲಸಕ್ಕಿದ್ದ ಒಂದು ಶಾಲೆಯ ಪುಸ್ತಕದ ಬೀರುವಿನಿಂದ ಅಮರಕೋಶದ ಪ್ರತಿಯೊಂದು ಕಾಣೆಯಾಯಿತು. ಬೀರುವಿನ ಬೀಗದ ಕೈ ಎಂಟನೆಯ ತರಗತಿಯ ಹುಡುಗನೊಬ್ಬನ ವಶದಲ್ಲಿರುತ್ತಿದ್ದಿತು. ಬಡವರ ಮನೆಯ ಹುಡುಗ, ಓದುವುದರಲ್ಲಿ ಆಸಕ್ತಿಯಿದ್ದವನು. ತರಗತಿಯೆಲ್ಲ ನೋಡುತ್ತಿರಲು ಅವನನ್ನು ಕಳ್ಳನೆಂದೆನು. ಬೀಗದ ಕೈಯನ್ನು ಕಿತ್ತುಕೊಂಡೆನು. ಹದಿನೈದು ದಿನಗಳಾದ ಮೇಲೆ ಆ ಪುಸ್ತಕವು ನಮ್ಮ ಮನೆಯಲ್ಲಿಯೇ, ನನ್ನ ಪಂಚಾಂಗಗಳ ಕೆಳಗೆ, ಸಿಕ್ಕಿತು. ತಂದವನು ನಾನೇ; ಮರೆತವನೂ ನಾನೇ. ಮರುದಿನ ಯಾರೂ ಬರುವುದಕ್ಕೆ ಮುಂಚೆ ಹೋಗಿ ಅದನ್ನು ಬೀರುವಿನಲ್ಲಿಟ್ಟು ಬಂದೆನು. ಹುಡುಗನಿಗೆ ಒಂದು ಮಾತೂ ಹೇಳಲಿಲ್ಲ. ಮೇಷ್ಟರು ತಪ್ಪಿದರೆಂದರೆ ನಾಳೆ ತರಗತಿಯಲ್ಲಿ ಶಿಸ್ತು ಉಳಿದೀತೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆನು. ಅಲ್ಲಿಂದ ಮುಂದೆ ಅವನು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳತೊಡಗಿದನು. ವರ್ಷ ಮುಗಿದ ಮೇಲೆ ಶಾಲೆಗೆ ಬರಲಿಲ್ಲ.

ಮೆಕ್‌ನಾಟನ್ನನ ಲೆಕ್ಕವನ್ನು ನನ್ನ ಮೇಲೆಯೇ ಹಾಕಿ ನೋಡಿದೆನು. ಶಾಲೆಯ ಶಿಸ್ತಿಗೆಂದು ಹತ್ತನ್ನು ಕೊಡಲೂ ಮನಸ್ಸು ಒಪ್ಪಲಿಲ್ಲ. ಮಿಕ್ಕುದೆಲ್ಲ ನನ್ನ ಮುಖಕ್ಕೆ.

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ ಅವನಿರುವ ಊರನ್ನು ತಿಳಿದು ಹೋದೆನು. ಪೇಟೆಯಲ್ಲಿ ಸಣ್ಣದೊಂದು ದಿನಸಿ ಅಂಗಡಿಯನ್ನಿಟ್ಟುಕೊಂಡಿದ್ದಾನೆ. ಕಂಡೊಡನೆ ಎದ್ದುಬಂದು ಕಾಲಿಗೆ ನಮಸ್ಕಾರ ಮಾಡಿದನು. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತುಗಳು ಮರೆತುಹೋಗಿ, "ಆ ಅಮರಕೋಶ ನನ್ನ ಮನೆಯಲ್ಲಿತ್ತಪ್ಪ" ಎಂದಷ್ಟೇ ಹೇಳಿದೆನು.

ಅವನು ಸ್ವಲ್ಪ ಹೊತ್ತು ತಕ್ಕಡಿಯನ್ನೇ ನೋಡುತ್ತಿದ್ದನು. ಆಮೇಲೆ, "ನನಗೆ ಆವಾಗಲೇ ಗೊತ್ತಿತ್ತು ಮೇಷ್ಟ್ರೇ. ಬೀರುವಿನ ಗಾಜಿನಲ್ಲಿ ಕಾಣುತ್ತಿತ್ತಲ್ಲ. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಅಂತ ಪರೀಕ್ಷೆ ಮುಗಿಯುವವರೆಗೂ ಕಾದೆ" ಎಂದನು.

ಗುರುಗಳು ಬದುಕಿದ್ದರೆ ನನ್ನ ಉತ್ತರವನ್ನು ಈಗ ಒಪ್ಪಿಸುತ್ತಿದ್ದೆನು. ವಿದುರನು ಇದ್ದನು. ಆದರೆ ಮಾನವು ಇನ್ನೂ ತಮ್ಮ ಕೈಯಲ್ಲಿಯೇ ಇದೆ, ಮೌನದಿಂದ ಅದನ್ನು ಕಾಪಾಡಿಕೊಳ್ಳಬಹುದು ಎಂದು ದೊಡ್ಡವರು ನಂಬಿದ್ದರು. 1971ರಲ್ಲಿ ಆ ವರದಿಯು ಅಚ್ಚಾದಾಗ ಸರ್ಕಾರವು ಬೆಚ್ಚಿತು. ಆದರೆ ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿದ್ದ ಎಷ್ಟೋ ತಾಯಿತಂದೆಯರಿಗೆ ಅದರ ಸಾರವು ಅದಕ್ಕೆ ಮೊದಲೇ ತಿಳಿದಿದ್ದಿತು. ಯಾವ ಮಾನಕ್ಕೆ ಎಪ್ಪತ್ತು ಪಾಲನ್ನು ಮೀಸಲಿಟ್ಟಿದ್ದರೋ ಅದು ಜನರ ಕಣ್ಣಿನಲ್ಲಿ ಎಂದೋ ಹೋಗಿದ್ದಿತು.

ಹೊರಡುವಾಗ ಆತನು ಒಂದು ಪೊಟ್ಟಣ ಬೆಲ್ಲವನ್ನು ಕಟ್ಟಿ ಕೈಗಿತ್ತನು; ಹಣವನ್ನು ತೆಗೆದುಕೊಳ್ಳಲಿಲ್ಲ. ಕ್ಷಮಿಸಿದೆನೆಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ.