ಉಕ್ಕಿನ ಗೋಲಿಗಳ ಊರು

ವೂರ್ತ್ಸ್‌ಬುರ್ಗಿನಿಂದ ರೈಲಿನಲ್ಲಿ ಹೊರಟ ಪ್ರವಾಸಿಗನು ಸುಮಾರು ಅರ್ಧ ಗಂಟೆಯಲ್ಲಿ ಶ್ವೈನ್‌ಫುರ್ಟ್ ಪಟ್ಟಣವನ್ನು ಸೇರುತ್ತಾನೆ. ಜರ್ಮನಿಯ ಬವೇರಿಯಾ ಪ್ರಾಂತದ ಉತ್ತರ ಭಾಗದಲ್ಲಿ, ಮೈನ್ ನದಿಯ ದಂಡೆಯ ಮೇಲಿರುವ ಊರಿದು. ಹೊರವಲಯದ ಇಳಿಜಾರುಗಳಲ್ಲಿ ದ್ರಾಕ್ಷಿಯ ತೋಟಗಳಿವೆ; ಆದರೆ ನಿಲ್ದಾಣದಲ್ಲಿ ಇಳಿದವನಿಗೆ ಮೊದಲು ಕಾಣುವುದು ಕಾರ್ಖಾನೆಗಳ ಸಾಲು.

ಪೇಟೆಯ ಚೌಕದಲ್ಲಿ ಕವಿ ಫ್ರೀಡ್ರಿಖ್ ರೂಕರ್ಟನ ಪ್ರತಿಮೆಯಿದೆ. 1788ರಲ್ಲಿ ಇಲ್ಲಿ ಹುಟ್ಟಿದ ಈತನು ನಳದಮಯಂತಿಯರ ಕಥೆಯನ್ನೂ ಗೀತಗೋವಿಂದವನ್ನೂ ಜರ್ಮನ್ ಭಾಷೆಗೆ ತಂದ ಪಂಡಿತ. ಭಾರತೀಯನಾದವನು ಅಲ್ಲಿ ಒಂದು ಗಳಿಗೆ ನಿಲ್ಲುವುದು ಸಹಜ. ಆದರೂ ಊರಿಗೆ ಹೆಸರನ್ನೂ ಹಣವನ್ನೂ, ಕೊನೆಗೆ ಕೇಡನ್ನೂ ತಂದುದು ಕಾವ್ಯವಲ್ಲ, ಗೋಲಿಯಂಥ ಒಂದು ಉಕ್ಕಿನ ಗುಂಡು.

ತಿರುಗುವ ಅಚ್ಚಿಗೂ ಅದನ್ನು ಹೊತ್ತ ಆಧಾರಕ್ಕೂ ನಡುವೆ ಉಜ್ಜಾಟ ತಪ್ಪಿದ್ದಲ್ಲ. ಈ ಉಜ್ಜಾಟವನ್ನು ತಗ್ಗಿಸುವ ಸಾಧನವೇ ಬೇರಿಂಗು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ಕನ್ನಡ ನಾಡಿನ ರೈತನು ಅದರ ಅತ್ಯಂತ ಹಳೆಯ ಬಗೆಯನ್ನು ಬಲ್ಲ. ಅಲ್ಲಿ ಚಕ್ರದ ಗುಂಬವು ಅಚ್ಚಿನ ಮೇಲೆ ಜಾರುತ್ತದೆ. ಎಣ್ಣೆ ಅದನ್ನು ಕಾಯುತ್ತದೆ. ಮೋಟಾರ್ ಕಾರಿನ ಎಂಜಿನ್ನಿನೊಳಗಿನ ಕ್ರ್ಯಾಂಕ್ ದಂಡವು ಕೂತಿರುವುದೂ ಸಾಮಾನ್ಯವಾಗಿ ಇದೇ ಜಾತಿಯ ಬೇರಿಂಗಿನ ಮೇಲೆ. ತೆಳುವಾದ ಎಣ್ಣೆಯ ಪದರವೊಂದು ಲೋಹವು ಲೋಹಕ್ಕೆ ತಾಗದಂತೆ ತಡೆಯುತ್ತದೆ.

ಜಾರುವುದಕ್ಕಿಂತ ಉರುಳುವುದು ಸುಲಭ. ಬಂಡೆಯನ್ನು ದಿಮ್ಮಿಗಳ ಮೇಲೆ ಸಾಗಿಸಿದವರೆಲ್ಲರಿಗೂ ಇದು ಗೊತ್ತಿತ್ತು. ಕಷ್ಟವಿದ್ದುದು ಗುಂಡುಗಳನ್ನು ಒಂದೇ ಅಳತೆಗೆ ತರುವುದರಲ್ಲಿ. ಹತ್ತು ಗುಂಡುಗಳಲ್ಲಿ ಒಂದು ಕೂದಲೆಳೆಯಷ್ಟು ದಪ್ಪವಾದರೂ ಭಾರವೆಲ್ಲ ಅದರ ಮೇಲೆಯೇ ಬಿದ್ದು ಅದು ಒಡೆಯುತ್ತದೆ. ಅನಂತರ ಉಳಿದವುಗಳ ಸರದಿ. ಈ ಊರಿನ ಫ್ರೀಡ್ರಿಖ್ ಫಿಶರನು 1883ರಲ್ಲಿ ಇದಕ್ಕೆ ಪರಿಹಾರ ಕಂಡನು. ಗಟ್ಟಿಗೊಳಿಸಿದ ಉಕ್ಕಿನ ಗುಂಡುಗಳನ್ನು ರಾಶಿ ರಾಶಿಯಾಗಿ, ಒಂದೇ ಗಾತ್ರಕ್ಕೆ, ನಿಜವಾಗಿಯೂ ದುಂಡಗೆ ಅರೆಯುವ ಯಂತ್ರವನ್ನು ಆತನು ರಚಿಸಿದನು. ಇವನ ತಂದೆ ಫಿಲಿಪ್ ಮೋರಿಟ್ಸ್ ಫಿಶರನು ವಾದ್ಯಗಳನ್ನು ಮಾಡುವವನಾಗಿದ್ದು, ಎರಡು ಚಕ್ರದ ಗಾಡಿಗೆ ಪೆಡಲು ಜೋಡಿಸಿದವರಲ್ಲಿ ಮೊದಲಿಗನೆಂದು ಊರಿನವರ ಅಭಿಮಾನ.

ಆ ಕಾಲಕ್ಕೆ ಸೈಕಲ್ಲಿನ ಹುಚ್ಚು ಯೂರೋಪಿಗೆ ಹತ್ತಿದ್ದಿತು. ಗುಂಡುಗಳಿಗೆ ಗಿರಾಕಿಗಳು ತಾವಾಗಿಯೇ ಬಂದರು. 1895ರಲ್ಲಿ ಎರ್ನ್ಸ್ಟ್ ಜಾಖ್ಸ್ ಎಂಬ ಯಂತ್ರಜ್ಞನೂ ಜೊತೆಗಾರನೊಂದಿಗೆ ಇಲ್ಲಿ ಕಾರ್ಖಾನೆ ತೆರೆದನು. ಕ್ರಮೇಣ ಬೇರಿಂಗಿನ ಜಾತಿಗಳೂ ಹೆಚ್ಚಿದವು. ಹಗುರ ಭಾರವನ್ನು ಹೊತ್ತು ವೇಗವಾಗಿ ತಿರುಗುವ ಫ್ಯಾನು, ಸೈಕಲುಗಳಿಗೆ ಗುಂಡಿನ ಬೇರಿಂಗು ಸಾಕು. ಗುಂಡು ತಾಗುವುದು ಒಂದು ಚುಕ್ಕೆಯಲ್ಲಿ, ಉರುಳೆ ತಾಗುವುದು ಒಂದು ಗೆರೆಯುದ್ದಕ್ಕೆ. ಆದ್ದರಿಂದ ರೈಲು ಗಾಡಿಯಂಥ ದೊಡ್ಡ ಭಾರಕ್ಕೆ ಉರುಳೆಯೇ ಬೇಕು. ತಿರುವಿನಲ್ಲಿ ಪಕ್ಕದಿಂದಲೂ ಒತ್ತಡ ತಾಳಬೇಕಾದ ಲಾರಿಯ ಚಕ್ರಕ್ಕೆ ಒಂದು ತುದಿ ಸಣ್ಣದಾದ ಉರುಳೆಗಳು. ಜಾಗವಿಲ್ಲದ ಕಡೆ ಸೂಜಿಯಂಥ ಸಪೂರ ಉರುಳೆಗಳು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಬೇರಿಂಗುಗಳಲ್ಲಿ ಅರ್ಧದ ಹತ್ತಿರ ಈ ಒಂದೇ ಊರಿನಿಂದ ಹೊರಡುತ್ತಿದ್ದವು. ವಿಮಾನ, ಟ್ಯಾಂಕು, ಫಿರಂಗಿಗಳೆಲ್ಲ ಬೇರಿಂಗಿಲ್ಲದೆ ಚಲಿಸವು; ಈ ಊರನ್ನು ಕೆಡವಿದರೆ ಯುದ್ಧಯಂತ್ರವೇ ನಿಂತೀತೆಂದು ಅಮೆರಿಕದ ಸೇನಾನಿಗಳು ಲೆಕ್ಕ ಹಾಕಿದರು. 1943ರ ಆಗಸ್ಟ್ 17ರಂದು 230 ಬಾಂಬರ್ ವಿಮಾನಗಳು ಇಂಗ್ಲೆಂಡಿನಿಂದ ಇತ್ತ ಹೊರಟವು, 36 ಮರಳಲಿಲ್ಲ. ಅಕ್ಟೋಬರ್ 14ರಂದು ಹೊರಟ 291ರಲ್ಲಿ 60 ಬಿದ್ದವು. ಒಂದೊಂದರಲ್ಲಿಯೂ ಹತ್ತು ಹತ್ತು ಜನ ತರುಣರು. ಕೆಳಗೆ ಊರಿನ ಮನೆಗಳು ಉರಿದವು. ಅನ್ಯದೇಶಗಳಿಂದ ಬಲಾತ್ಕಾರವಾಗಿ ಹಿಡಿದು ತಂದ ಕೂಲಿಗಳೂ ಆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರೆಂಬುದನ್ನು ಮರೆಯುವಂತಿಲ್ಲ. ಬಾಂಬು ಅವರನ್ನು ಬೇರೆ ಮಾಡಿ ನೋಡಲಿಲ್ಲ.

ಲೆಕ್ಕ ಮಾತ್ರ ತಪ್ಪಿತು. ಚಾವಣಿಗಳು ಕುಸಿದರೂ ಅಡಿಯ ಭಾರಿ ಯಂತ್ರಗಳು ಬಹುಮಟ್ಟಿಗೆ ಉಳಿದವು. ಅವನ್ನು ಕಿತ್ತು ಬೇರೆ ಬೇರೆ ಊರುಗಳಿಗೆ ಹಂಚಿದರು. ಸ್ವೀಡನ್ನಿನಿಂದ ಬೇರಿಂಗುಗಳನ್ನು ತರಿಸಿದರು. ಎಲ್ಲಕ್ಕಿಂತ ಸ್ವಾರಸ್ಯವಾದುದು ಇನ್ನೊಂದು. ಗುಂಡಿನ ಬೇರಿಂಗು ನಿಜವಾಗಿ ಬೇಕಾದ ಸ್ಥಳಗಳು ತಾವೆಣಿಸಿದಷ್ಟಿಲ್ಲವೆಂದು ಕಂಡುಕೊಂಡ ಯಂತ್ರಶಿಲ್ಪಿಗಳು, ಸಾಧ್ಯವಾದೆಡೆಯಲ್ಲೆಲ್ಲ ಗಾಡಿಯ ಅಚ್ಚಿನ ಆ ಹಳೆಯ ಜಾರುವ ಬೇರಿಂಗನ್ನೇ ಕೂಡಿಸಿದರು! ಯುದ್ಧೋತ್ಪಾದನೆಗೆ ಈ ದಾಳಿಗಳಿಂದ ಅಳೆಯಬಹುದಾದ ಧಕ್ಕೆಯೇನೂ ತಟ್ಟಿದಂತಿಲ್ಲವೆಂದು ಯುದ್ಧಾನಂತರ ಅಮೆರಿಕದ ಸಮೀಕ್ಷಕರೇ ಬರೆದರು. ದಾಳಿ ಎಡೆಬಿಡದೆ ನಡೆದಿದ್ದರೆ ಗತಿ ಬೇರೆಯಾಗುತ್ತಿತ್ತೆಂದು ಜರ್ಮನಿಯ ಆಗಿನ ಶಸ್ತ್ರಾಸ್ತ್ರ ಸಚಿವ ಆಲ್ಬರ್ಟ್ ಷ್ಪೇರನ ಮತ. ಇರಬಹುದು, ಆದರೆ ಹಗಲಿನಲ್ಲಿ, ಬೆಂಗಾವಲಿಲ್ಲದೆ, ಅಷ್ಟು ವಿಮಾನಗಳನ್ನು ಮತ್ತೆ ಮತ್ತೆ ಕಳೆದುಕೊಳ್ಳುವ ಶಕ್ತಿ ಆಗ ಯಾರಿಗಿತ್ತು?

ಊರು ಮತ್ತೆ ಎದ್ದಿದೆ, ಕಾರ್ಖಾನೆಗಳೂ ಎದ್ದಿವೆ. ಬೇರಿಂಗಿನ ಉದ್ಯಮಿ ಗೇಯೋರ್ಗ್ ಷೇಫರನು ಕೂಡಿಸಿದ ಚಿತ್ರಗಳಿಗಾಗಿ 2000ದಲ್ಲಿ ತೆರೆದ ಕಲಾಶಾಲೆಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ಊರಿನಲ್ಲಿ ಒಂದು ಸ್ಮಾರಕ ಶಿಲೆಯೂ ಇದೆ. ಅದನ್ನು ಅರಸಿ ಹೋಗುವವರು ಕಡಿಮೆ. ಆ ದಿನ ಮೇಲಿನಿಂದ ಬಾಂಬು ಕೆಡವಿದ ಅಮೆರಿಕನ್ನರೂ, ಶಾಲೆ ಬಿಡಿಸಿ ತಂದು ಫಿರಂಗಿಯ ಬಳಿ ನಿಲ್ಲಿಸಿದ್ದ ಜರ್ಮನ್ ಹುಡುಗರೂ ಮುದುಕರಾದ ಮೇಲೆ, 1998ರಲ್ಲಿ, ಕೂಡಿ ನಿಲ್ಲಿಸಿದ ಕಲ್ಲು ಅದು.